ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಪೀನಟ್ ಬಟರ್–ಚಾಕೊಲೇಟ್ ಚೀಸ್‌ಕೇಕ್

ಪೀನಟ್ ಬಟರ್ ಮತ್ತು ಚಾಕೊಲೇಟ್ ಸೇರಿದ ಚೀಸ್‌ಕೇಕನ್ನು ಸಾಮಾನ್ಯ ಓಟಿಜಿಯಲ್ಲೂ (ಮನೆಬಳಕೆಯ ಪುಟ್ಟ ವಿದ್ಯುತ್ ಓವನ್) ಅಚ್ಚುಕಟ್ಟಾಗಿ ಮಾಡಬಹುದು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ತುಂಬಿವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮನೆಯಲ್ಲಿ 30 ಲೀಟರಿನ ಓಟಿಜಿ ಇದೆ. ಸ್ಪಂಜ್ ಕೇಕ್ ಮಾಡಿ ಚೆನ್ನಾಗಿ ಅಭ್ಯಾಸವಿದೆ, ಆದರೆ ಚೀಸ್‌ಕೇಕ್ ಒಮ್ಮೆಯೂ ಮಾಡಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಪೀನಟ್ ಬಟರ್ ಹಾಕಿದ್ದೇ ಬೇಕೆಂದು ಹಟ. ದಯವಿಟ್ಟು ಅಳತೆ ಸಮೇತ ತಿಳಿಸಿ. (ಓದುಗಿ, ಶಿವಮೊಗ್ಗ)

ಉತ್ತರ: ಸ್ಪಂಜ್ ಕೇಕಿನ ಅಭ್ಯಾಸವನ್ನು ಇಲ್ಲಿ ಸ್ವಲ್ಪ ಪಕ್ಕಕ್ಕಿಡಬೇಕು. ಸ್ಪಂಜ್ ಕೇಕಿಗೆ ಗಾಳಿ ಬೇಕು, ಒಳ್ಳೆಯ ಕಾವು ಬೇಕು. ಚೀಸ್‌ಕೇಕಿಗೆ ಇವೆರಡೂ ಶತ್ರುಗಳು. ಇದು ಗಟ್ಟಿಯಾಗುವುದು ಮೊಟ್ಟೆಯ ಪ್ರೋಟೀನು ಮೆಲ್ಲಗೆ ಹೆಪ್ಪುಗಟ್ಟುವುದರಿಂದ. ಹಬೆಯಲ್ಲಿ ಗಿಣ್ಣು ಬೇಯಿಸಿ ಗೊತ್ತಿದ್ದವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ: ಉರಿ ಹೆಚ್ಚಾದರೆ ಗಿಣ್ಣು ತೂತುತೂತಾಗಿ ನೀರು ಬಿಡುವಂತೆ, ಕಾವು ಮೀರಿದ ಚೀಸ್‌ಕೇಕೂ ಒರಟಾಗಿ ಬಿರಿಯುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಕಾವನ್ನು ತಗ್ಗಿಸುವುದಕ್ಕೆ ಅಥವಾ ಗಾಳಿಯನ್ನು ದೂರವಿಡುವುದಕ್ಕೆ ಸಂಬಂಧಿಸಿದ್ದು ಎಂದು ತಿಳಿದರೆ ಸಾಕು.

ಅಳತೆಗಳು 7 ಇಂಚಿನ, ಅಂದರೆ 18 ಸೆಂಟಿಮೀಟರ್ ಅಗಲದ, ಬದಿ ಬಿಚ್ಚಿಕೊಳ್ಳುವ ಸ್ಪ್ರಿಂಗ್‌ಫಾರ್ಮ್ ಟಿನ್ನಿಗೆ ಸರಿಹೊಂದುತ್ತವೆ. ತಳದ ಪದರಕ್ಕೆ 150 ಗ್ರಾಂ ಚಾಕೊಲೇಟ್ ಬಿಸ್ಕತ್ತು ಮತ್ತು 60 ಗ್ರಾಂ ಕರಗಿಸಿದ ಬೆಣ್ಣೆ ಬೇಕು. ಮೇರಿ ಅಥವಾ ಡೈಜೆಸ್ಟಿವ್ ಬಿಸ್ಕತ್ತು ಬಳಸುವುದಾದರೆ ಒಂದು ದೊಡ್ಡ ಚಮಚ ಕೋಕೋ ಪುಡಿ ಮತ್ತು ಅಷ್ಟೇ ಸಕ್ಕರೆ ಸೇರಿಸಿ. ಬಿಸ್ಕತ್ತನ್ನು ಮಿಕ್ಸಿಯಲ್ಲಿ ರವೆಯ ಹದಕ್ಕೆ ಪುಡಿ ಮಾಡಿ, ಬೆಣ್ಣೆ ಕಲಸಿ, ಟಿನ್ನಿನ ತಳಕ್ಕೆ ಸಮವಾಗಿ ಹರಡಿ, ಚಪ್ಪಟೆ ತಳದ ಲೋಟದಿಂದ ಒತ್ತಬೇಕು. ತಳ ಮತ್ತು ಬದಿ ಕೂಡುವ ಮೂಲೆಯಲ್ಲಿ ಪುಡಿ ದಪ್ಪವಾಗಿ ಉಳಿದುಬಿಡುತ್ತದೆ. ಅಲ್ಲಿ ಲೋಟದ ಅಂಚಿನಿಂದ ಇನ್ನೊಂದು ಸುತ್ತು ಒತ್ತಿ. ಇದನ್ನು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಬೇಯಿಸಿ ಆರಲು ಬಿಡಿ.

ಹೂರಣಕ್ಕೆ 400 ಗ್ರಾಂ ಕ್ರೀಮ್ ಚೀಸ್, 120 ಗ್ರಾಂ ಪುಡಿ ಸಕ್ಕರೆ, 150 ಗ್ರಾಂ ನುಣುಪಾದ ಪೀನಟ್ ಬಟರ್, 100 ಗ್ರಾಂ ನೀರು ಬಸಿದ ಗಟ್ಟಿ ಮೊಸರು, 60 ಮಿಲಿಲೀಟರ್ ಫ್ರೆಶ್ ಕ್ರೀಮ್, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಸಣ್ಣ ಚಮಚ ವೆನಿಲಾ ಎಸೆನ್ಸ್, ಕಾಲು ಸಣ್ಣ ಚಮಚ ಉಪ್ಪು ಮತ್ತು ಮೂರು ಮೊಟ್ಟೆ ಬೇಕು. ಸುಮಾರು 200 ಗ್ರಾಂ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ಮೂರು–ನಾಲ್ಕು ಗಂಟೆ ಬಸಿದರೆ ಬೇಕಾದಷ್ಟು ಗಟ್ಟಿ ಮೊಸರು ಸಿಗುತ್ತದೆ. ಉಪ್ಪನ್ನೂ ಮೊಸರನ್ನೂ ಬಿಡಬೇಡಿ. ಪೀನಟ್ ಬಟರಿನ ಅರ್ಧದಷ್ಟು ಭಾಗ ಎಣ್ಣೆಯೇ; ಅದಕ್ಕೆ ಕ್ರೀಮ್ ಚೀಸಿನ ಜಿಡ್ಡೂ ಚಾಕೊಲೇಟೂ ಕೂಡಿದಾಗ, ಉಪ್ಪು ಮತ್ತು ಹುಳಿಯ ಆಸರೆ ಇಲ್ಲದಿದ್ದರೆ ಎರಡನೆಯ ತುತ್ತಿಗೇ ಮುಖ ಕಟ್ಟುತ್ತದೆ. ನಮ್ಮಲ್ಲಿ ಮಾರುವ ಎಷ್ಟೋ ಚೀಸ್‌ಕೇಕುಗಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ: ಸಕ್ಕರೆ ಧಾರಾಳ, ಉಪ್ಪು ಶೂನ್ಯ.

ಕ್ರೀಮ್ ಚೀಸ್, ಮೊಸರು, ಮೊಟ್ಟೆ ಮೂರನ್ನೂ ಒಂದು ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗಿಡಿ. ತಣ್ಣಗಿನ ಚೀಸ್ ಗಂಟಾಗುತ್ತದೆ. ಗಂಟು ಒಡೆಯಲು ಬೀಟರನ್ನು ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ. ಮೊದಲು ಚೀಸ್, ಸಕ್ಕರೆ ಮತ್ತು ಉಪ್ಪನ್ನು ನಿಧಾನ ವೇಗದಲ್ಲಿ ನುಣ್ಣಗಾಗುವವರೆಗೆ ಕಲಸಿ, ಅನಂತರ ಪೀನಟ್ ಬಟರ್ ಮತ್ತು ಕಾರ್ನ್‌ಫ್ಲೋರ್ ಸೇರಿಸಿ. ಈ ಅನುಕ್ರಮವನ್ನು ಬದಲಿಸಬೇಡಿ, ಏಕೆಂದರೆ ಪೀನಟ್ ಬಟರಿಗೆ ನೇರವಾಗಿ ಸ್ವಲ್ಪವೇ ನೀರಿನಂಶ ತಗುಲಿದರೆ ಅದು ಸಡಿಲವಾಗುವ ಬದಲು ಬಿಗಿದುಕೊಳ್ಳುತ್ತದೆ. ಚೀಸಿನೊಂದಿಗೆ ಮೊದಲೇ ಬೆರೆತಿದ್ದರೆ ಆ ತೊಂದರೆಯಿಲ್ಲ. ಬಳಿಕ ಮೊಸರು, ಕ್ರೀಮ್, ವೆನಿಲಾ ಹಾಕಿ. ಮೊಟ್ಟೆಗಳು ಎಲ್ಲಕ್ಕಿಂತ ಕೊನೆಗೆ, ಒಂದೊಂದಾಗಿ, ಕೈಯಿಂದ ಕಲಸುವ ವಿಸ್ಕ್‌ನಲ್ಲಿ, ಹಳದಿ ಗೆರೆ ಮಾಯವಾಗುವಷ್ಟು ಮಾತ್ರ. ಮಿಶ್ರಣವನ್ನು ಜರಡಿಯಲ್ಲಿ ಒಮ್ಮೆ ಸೋಸಿ ಟಿನ್ನಿಗೆ ಸುರಿದು, ಟಿನ್ನನ್ನು ಕಟ್ಟೆಗೆ ನಾಲ್ಕು ಬಾರಿ ಮೆಲ್ಲಗೆ ತಟ್ಟಿ ಮೇಲೆ ಬಂದ ಗುಳ್ಳೆಗಳನ್ನು ಕಡ್ಡಿಯಿಂದ ಒಡೆಯಿರಿ.

ಓಟಿಜಿಯನ್ನು 150 ಡಿಗ್ರಿಗೆ ಮೊದಲೇ ಕಾಯಿಸಿ, ಮೇಲಿನ ಮತ್ತು ಕೆಳಗಿನ ರಾಡ್‌ಗಳೆರಡನ್ನೂ ಹಾಕಿ, ಕೆಳಗಿನ ಹಂತದಲ್ಲಿ ಬಿಸಿನೀರಿನ ತಟ್ಟೆಯೊಳಗೆ ಟಿನ್ನನ್ನಿಟ್ಟು 50ರಿಂದ 60 ನಿಮಿಷ ಬೇಯಿಸಿ. ಬೆಂದದ್ದನ್ನು ತಿಳಿಯಲು ಕಡ್ಡಿ ಚುಚ್ಚಬಾರದು. ಟಿನ್ನಿನ ಬದಿಯನ್ನು ಮೆಲ್ಲಗೆ ಅಲುಗಿಸಿ ನೋಡಿ: ಅಂಚಿನಿಂದ ಒಳಕ್ಕೆ ಎರಡು ಇಂಚು ಅಲುಗದೆ ನಿಂತಿರಬೇಕು, ನಡುವೆ ದೊಡ್ಡ ನಿಂಬೆಹಣ್ಣಿನಗಲದ ಭಾಗ ಮಾತ್ರ ಒಟ್ಟಾಗಿ ತುಳುಕಬೇಕು. ತುಳುಕುವಾಗ ಅಲೆ ಎದ್ದರೆ ಇನ್ನೂ ಹಸಿ. ಚುಚ್ಚುವ ಥರ್ಮಾಮೀಟರ್ ಇದ್ದವರು ನಡುಭಾಗ 65ರಿಂದ 68 ಡಿಗ್ರಿ ಮುಟ್ಟಿದಾಗ ನಿಲ್ಲಿಸಲಿ. ಓಟಿಜಿ ಆರಿಸಿ, ಬಾಗಿಲಿಗೆ ಮರದ ಸೌಟೊಂದನ್ನು ಸಿಕ್ಕಿಸಿ ಒಂದು ಗಂಟೆ ಒಳಗೇ ಬಿಡಿ. ಆಮೇಲೆ ಹೊರತೆಗೆದು, ಪೂರ್ತಿ ಆರಿದ ಮೇಲೆ ಫ್ರಿಜ್ಜಿನಲ್ಲಿ ಕನಿಷ್ಠ ಆರು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಬೇಕು. ಹುಟ್ಟುಹಬ್ಬದ ಹಿಂದಿನ ದಿನವೇ ಮಾಡಬೇಕಾದ ತಿನಿಸು ಇದು.

ಮೇಲಿನ ಚಾಕೊಲೇಟ್ ಪದರಕ್ಕೆ 80 ಮಿಲಿಲೀಟರ್ ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ 100 ಗ್ರಾಂ ಡಾರ್ಕ್ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ಕಲಸಿ. ತಣ್ಣಗಿನ ಚೀಸ್‌ಕೇಕಿನ ಮೇಲೆ ಹರಡಿ, ಹುರಿದು ತರಿಯಾಗಿ ಕುಟ್ಟಿದ ಕಡಲೆಬೀಜವನ್ನು ಚಿಟಿಕೆ ಉಪ್ಪಿನೊಂದಿಗೆ ಉದುರಿಸಿ.

ಪ್ರಶ್ನೆ: ನಾನು ಮಾಡಿದ ಚೀಸ್‌ಕೇಕಿನಲ್ಲಿ ಎರಡು ತೊಂದರೆ. ಒಲೆಯಿಂದ ತೆಗೆದಾಗ ಚೆನ್ನಾಗಿದ್ದದ್ದು ಅರ್ಧ ಗಂಟೆಯಲ್ಲಿ ನಡುವೆ ಬಾಯಿಬಿಟ್ಟಿತು. ಮೇಲಾಗಿ, ಫಾಯಿಲ್ ಸುತ್ತಿದ್ದರೂ ಟಿನ್ನಿನೊಳಗೆ ನೀರು ನುಗ್ಗಿ ಬಿಸ್ಕತ್ತಿನ ತಳ ಮೆತ್ತಗಾಯಿತು. (ಓದುಗಿ, ಮೈಸೂರು)

ಉತ್ತರ: ಬಿರುಕು ಹುಟ್ಟುವುದು ಬೇಯುವಾಗಲೇ ಆದರೂ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆರುವಾಗ. ಕಾವು ತಗುಲಿದ ಅಂಚು ಮೊದಲು ಗಟ್ಟಿಯಾಗಿ ಟಿನ್ನಿಗೆ ಅಂಟಿಕೊಳ್ಳುತ್ತದೆ. ಆರುತ್ತಾ ಇಡೀ ಕೇಕು ಕುಗ್ಗುವಾಗ ಅಂಚು ಟಿನ್ನನ್ನು ಬಿಡುವುದಿಲ್ಲ, ನಡುಭಾಗ ಕುಗ್ಗದೆ ಇರುವುದಿಲ್ಲ. ಈ ಎಳೆದಾಟದಲ್ಲಿ ಮೇಲ್ಮೈ ಹರಿಯುತ್ತದೆ. ಆದ್ದರಿಂದ ಬೇಯಿಸುವ ಮುನ್ನ ಟಿನ್ನಿನ ಬದಿಗೆ ಬೆಣ್ಣೆ ಸವರಿ. ಹೊರತೆಗೆದ ಹತ್ತು ನಿಮಿಷಕ್ಕೆ ತೆಳುವಾದ ಚಾಕುವನ್ನು ಅಂಚಿನ ಸುತ್ತ ಒಮ್ಮೆ ಓಡಿಸಿ. ನಡುಭಾಗದ ಕಾವು 70 ಡಿಗ್ರಿ ದಾಟಿದರೆ ಮಾತ್ರ ಚಾಕುವೂ ಹೆಚ್ಚು ಉಪಯೋಗಕ್ಕೆ ಬಾರದು. ನಿಮ್ಮ ಪತ್ರದಲ್ಲಿ 180 ಡಿಗ್ರಿ ಎಂದು ಬರೆದಿದ್ದೀರಿ. ಅದು ಸ್ಪಂಜ್ ಕೇಕಿನ ಕಾವು. ಅದೂ ಅಲ್ಲದೆ ಮನೆಬಳಕೆಯ ಓಟಿಜಿಗಳ ಗುಂಡಿ ತೋರಿಸುವ ಕಾವಿಗೂ ಒಳಗಿನ ನಿಜವಾದ ಕಾವಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ. ಒಲೆಯೊಳಗೆ ಇಡುವ ಪುಟ್ಟ ಥರ್ಮಾಮೀಟರೊಂದನ್ನು ಕೊಂಡರೆ, ಅಡುಗೆಮನೆಯಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ನೀರು ನುಗ್ಗುವ ವಿಷಯ: ಬಿಚ್ಚಿಕೊಳ್ಳುವ ಟಿನ್ನಿನ ತಳದ ಸಂದಿಯಲ್ಲಿ ಜಿನುಗುವುದನ್ನು ಫಾಯಿಲ್ ಎಷ್ಟು ಸುತ್ತು ಹಾಕಿದರೂ ಪೂರ್ತಿ ತಡೆಯುತ್ತದೆಂದು ಹೇಳಲಾಗದು, ಏಕೆಂದರೆ ಎಲ್ಲೋ ಒಂದು ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದೇ ಇರುತ್ತದೆ. 7 ಇಂಚಿನ ಸ್ಪ್ರಿಂಗ್‌ಫಾರ್ಮ್ ಟಿನ್ನನ್ನು 8 ಇಂಚಿನ ಸಾಮಾನ್ಯ ಕೇಕ್ ಟಿನ್ನಿನೊಳಗಿಟ್ಟು, ಆ ದೊಡ್ಡ ಟಿನ್ನನ್ನು ನೀರಿನ ತಟ್ಟೆಯಲ್ಲಿಡಿ. ನೀರು ಒಳಗಿನ ಟಿನ್ನನ್ನು ಮುಟ್ಟುವುದೇ ಇಲ್ಲ. ನಡುವಿನ ಗಾಳಿಯಿಂದ ಕಾವು ಇನ್ನಷ್ಟು ಮಂದವಾಗುವುದರಿಂದ ಹತ್ತು ನಿಮಿಷ ಹೆಚ್ಚು ಬೇಕಾದೀತು. ಅಷ್ಟು ಅಗಲದ ತಟ್ಟೆ ಓಟಿಜಿಯಲ್ಲಿ ಹಿಡಿಸದಿದ್ದರೆ, ಕೆಳಗಿನ ಹಂತದಲ್ಲಿ ಬಿಸಿನೀರಿನ ತಟ್ಟೆಯಿಟ್ಟು ಅದರ ಮೇಲಿನ ಹಂತದಲ್ಲಿ ಟಿನ್ನಿಟ್ಟರೂ ಅರ್ಧ ಪ್ರಯೋಜನ ಸಿಗುತ್ತದೆ.

ಪ್ರಶ್ನೆ: ಬೇಯುತ್ತಿರುವಾಗಲೇ ಕರೆಂಟ್ ಹೋದರೆ ಏನು ಮಾಡುವುದು? ನಮ್ಮಲ್ಲಿ ಇದು ದಿನನಿತ್ಯದ ಮಾತು. (ಓದುಗ, ಕೋಲಾರ)

ಉತ್ತರ: ಬಾಗಿಲು ತೆರೆಯಬೇಡಿ, ಅಷ್ಟೇ. ಇದರಲ್ಲಿ ಬೇಕಿಂಗ್ ಪೌಡರ್ ಇಲ್ಲವಾದ್ದರಿಂದ ಸ್ಪಂಜ್ ಕೇಕಿನಂತೆ ಕುಸಿದುಬೀಳುವ ಭಯವಿಲ್ಲ. ಬಿಸಿನೀರಿನ ತಟ್ಟೆ ಕಾವನ್ನು ಹಿಡಿದಿಟ್ಟುಕೊಂಡಿರುತ್ತದೆ. 15–20 ನಿಮಿಷದಲ್ಲಿ ಕರೆಂಟ್ ಬಂದರೆ ಉಳಿದ ಸಮಯಕ್ಕೆ ಇನ್ನೊಂದು ಹತ್ತು ನಿಮಿಷ ಕೂಡಿಸಿ ಮುಂದುವರಿಸಿ. ಅರ್ಧಂಬರ್ಧ ಬೆಂದ ಸ್ಥಿತಿಯಲ್ಲಿ ಎರಡು ಗಂಟೆಗೂ ಮೀರಿ ಉಗುರುಬೆಚ್ಚಗೆ ಕುಳಿತದ್ದನ್ನು ಮಾತ್ರ, ಎಷ್ಟೇ ಮನಸ್ಸಿಗೆ ಬೇಸರವಾದರೂ, ತಿನ್ನಬಾರದು. ಹಾಲು ಮತ್ತು ಮೊಟ್ಟೆಯ ಮಿಶ್ರಣ ಅದು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಜೆಲಾಟಿನ್ ಕೂಡ ಬೇಡ. ಹೀಗಿರುವಾಗ ಬೇಯಿಸಿದ ಚೀಸ್‌ಕೇಕ್ ಸಾಧ್ಯವೇ? ಕೆಲವರು ಪ್ರೆಶರ್ ಕುಕ್ಕರಿನಲ್ಲೂ ಮಾಡಬಹುದು ಎನ್ನುತ್ತಾರೆ. (ಓದುಗಿಯರು, ಉಡುಪಿ ಮತ್ತು ಧಾರವಾಡ)

ಉತ್ತರ: ಖಂಡಿತ ಸಾಧ್ಯ, ಮತ್ತು ಪೀನಟ್ ಬಟರ್ ಹಾಕಿದ ಚೀಸ್‌ಕೇಕಿಗೆ ಮೊಟ್ಟೆಯಿಲ್ಲದಿರುವುದು ಅಷ್ಟೇನೂ ಕೊರತೆಯಾಗಿ ಕಾಣುವುದಿಲ್ಲ; ಕಡಲೆಕಾಯಿಯ ಪ್ರೋಟೀನು ಮತ್ತು ಎಣ್ಣೆಯೇ ಅದಕ್ಕೆ ಬೇಕಾದ ಮೈ ಕೊಡುತ್ತವೆ. 400 ಗ್ರಾಂ ಕ್ರೀಮ್ ಚೀಸಿಗೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 200 ಗ್ರಾಂ ಬಸಿದ ಗಟ್ಟಿ ಮೊಸರು, 130 ಗ್ರಾಂ ಪೀನಟ್ ಬಟರ್, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಕಾಲು ಸಣ್ಣ ಚಮಚ ಉಪ್ಪು ಮತ್ತು ವೆನಿಲಾ ಸಾಕು. ಕಂಡೆನ್ಸ್ಡ್ ಮಿಲ್ಕಿನ ಸಿಹಿಯೇ ಬೇಕಾದಷ್ಟಿರುವುದರಿಂದ ಬೇರೆ ಸಕ್ಕರೆ ಹಾಕಬಾರದು. ಮೊಸರು ಹಿಂದಿನ ದಿನದ್ದಾಗಿ ಸ್ವಲ್ಪ ಹುಳಿಯಿದ್ದರೆ ಒಳ್ಳೆಯದು. ಸಿಹಿ ಮೊಸರಿನಿಂದ ಮಾಡಿದ್ದು ಪೇಡಾದ ಕಡೆಗೆ ವಾಲುತ್ತದೆ. ಕಾರ್ನ್‌ಫ್ಲೋರನ್ನು ಎರಡು ಚಮಚ ಹಾಲಿನಲ್ಲಿ ಕದಡಿ ಕೊನೆಗೆ ಸೇರಿಸಿ.

ಇಲ್ಲಿ ಗಟ್ಟಿ ಮಾಡುವ ಕೆಲಸ ಕಾರ್ನ್‌ಫ್ಲೋರಿನದ್ದು. ಅದಕ್ಕೆ ಮೊಟ್ಟೆಗಿಂತ ಹೆಚ್ಚಿನ ಕಾವು ಬೇಕಾದ್ದರಿಂದ 160 ಡಿಗ್ರಿಯಲ್ಲಿ 50ರಿಂದ 55 ನಿಮಿಷ, ನೀರಿನ ತಟ್ಟೆಯೊಂದಿಗೇ ಬೇಯಿಸಿ. ಒಲೆಯಿಂದ ತೆಗೆದಾಗ ಇದು ಮೊಟ್ಟೆ ಹಾಕಿದ್ದಕ್ಕಿಂತ ಮೆತ್ತಗೆ ಕಾಣುತ್ತದೆ. ಗಾಬರಿಯಾಗಿ ಮತ್ತೆ ಒಳಗಿಡಬೇಡಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದಾಗ ನಿಲ್ಲುತ್ತದೆ. ಬೇಯಿಸದೆ ಮಾಡುವುದಾದರೆ ಜೆಲಾಟಿನ್ ಬದಲು ಚೀನಾ ಗ್ರಾಸ್ ಎಂದು ಅಂಗಡಿಯಲ್ಲಿ ಸಿಗುವ ಅಗರ್ ಬಳಸಬಹುದು. ಅದು ಸಮುದ್ರದ ಪಾಚಿಯಿಂದ ಬರುವಂಥದು. ಅದನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ಕರಗಿಸಬೇಕು, ಮತ್ತು ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಚೀಸಿಗೆ ಸುರಿಯಬಾರದು. ಅಗರ್ ಬೆಚ್ಚಗಿರುವಾಗಲೇ ಹೆಪ್ಪುಗಟ್ಟಲು ಶುರುಮಾಡುವುದರಿಂದ ಎಳೆ ಎಳೆಯಾಗಿ ಉಳಿದುಬಿಡುತ್ತದೆ.

ಕುಕ್ಕರ್ ವಿಷಯಕ್ಕೆ ಬಂದರೆ, ವೇಟ್ ಹಾಕದೆ, ತಳದಲ್ಲಿ ನೀರಿಟ್ಟು, ಸಣ್ಣ ಉರಿಯಲ್ಲಿ ಹಬೆಯಲ್ಲಿ ಬೇಯಿಸಬಹುದು. ಟಿನ್ನಿನ ಬಾಯಿಯನ್ನು ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚದಿದ್ದರೆ ಮುಚ್ಚಳದ ಹನಿಗಳು ಬಿದ್ದು ಮೇಲ್ಮೈ ಗುಳಿಗುಳಿಯಾಗುತ್ತದೆ. ಇಡ್ಲಿ ಪಾತ್ರೆ ಇನ್ನೂ ಅನುಕೂಲ.

ಪ್ರಶ್ನೆ: ನಮ್ಮೂರಿನಲ್ಲಿ ಕ್ರೀಮ್ ಚೀಸ್ ಸಿಗುವುದಿಲ್ಲ. ಬ್ರೆಡ್ಡಿಗೆ ಹಚ್ಚುವ ಚೀಸ್ ಸ್ಪ್ರೆಡ್ ಹಾಕಬಹುದೇ? ಪನೀರ್? (ಓದುಗಿ, ಹಾಸನ ಜಿಲ್ಲೆ)

ಉತ್ತರ: ಚೀಸ್ ಸ್ಪ್ರೆಡ್ ಬೇಡವೇ ಬೇಡ. ಅದು ಸಂಸ್ಕರಿಸಿದ ಚೀಸು. ಉಪ್ಪು ಹೆಚ್ಚು, ಬೆಂದಾಗ ಅಂಟಂಟು. ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ: ಎರಡು ಲೀಟರ್ ಕೆನೆಭರಿತ ಹಾಲನ್ನು ಕುದಿಸಿ, ಒಲೆ ಆರಿಸಿ, ನಿಂಬೆರಸವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಒಡೆಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆ ಮಾತ್ರ ಬಸಿಯಲು ಬಿಡಿ. ಪನೀರಿನಂತೆ ಭಾರ ಹೇರಬಾರದು. ಇನ್ನೂ ಬೆಚ್ಚಗಿರುವಾಗಲೇ ಮೂರು ಚಮಚ ಕ್ರೀಮ್ ಮತ್ತು ಚಿಟಿಕೆ ಉಪ್ಪು ಸೇರಿಸಿ, ಬೆರಳಿನಲ್ಲಿ ಉಜ್ಜಿದರೆ ಒಂದು ಕಣವೂ ಸಿಗದಷ್ಟು ನುಣ್ಣಗೆ ಮಿಕ್ಸಿಯಲ್ಲಿ ರುಬ್ಬಿ. ಹಾಲಿನ ಗುಣಕ್ಕೆ ತಕ್ಕಂತೆ ಸುಮಾರು 400 ಗ್ರಾಂ ಸಿಗುತ್ತದೆ. ಅಂಗಡಿಯ ಕ್ರೀಮ್ ಚೀಸಿನ ಹುಳಿ ಇದರಲ್ಲಿ ಇರುವುದಿಲ್ಲವಾದ್ದರಿಂದ ಗಟ್ಟಿ ಮೊಸರನ್ನು 100 ಗ್ರಾಂ ಬದಲು 150 ಗ್ರಾಂ ಹಾಕಿ, ಕ್ರೀಮನ್ನು ಅರ್ಧಕ್ಕೆ ಇಳಿಸಿ. ಸಾದಾ ವೆನಿಲಾ ಚೀಸ್‌ಕೇಕಿನಲ್ಲಿ ಈ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ. ಪೀನಟ್ ಬಟರ್ ಇರುವಲ್ಲಿ ಅಷ್ಟಾಗಿ ತಿಳಿಯದು.

ಪ್ರಶ್ನೆ: ನಮ್ಮ ಹೊಲದಾಗ ಬೆಳೆದ ಶೇಂಗಾ ಮನಿಯೊಳಗ ಚೀಲಗಟ್ಟಲೆ ಐತಿ. ಅಂಗಡಿಯ ಪೀನಟ್ ಬಟರ್ ತರೋದು ಮನಸ್ಸಿಗೆ ಒಗ್ಗುವಲ್ದು. ಮನೆಯಲ್ಲೇ ಮಾಡಿದ್ದು ಈ ಕೇಕಿಗೆ ನಡೀತದೇನ್ರಿ? (ಓದುಗಿ, ಗದಗ ಜಿಲ್ಲೆ)

ಉತ್ತರ: ನಡೆಯುತ್ತದೆ ಮಾತ್ರವಲ್ಲ, ಹೆಚ್ಚು ರುಚಿಯೂ ಆಗುತ್ತದೆ, ಸ್ವಲ್ಪ ತಾಳ್ಮೆ ಬೇಕು. ಮೊದಲು ಕಾಳನ್ನು ಆರಿಸಿ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಶೇಂಗಾವನ್ನು ಮುಲಾಜಿಲ್ಲದೆ ತೆಗೆದುಹಾಕಬೇಕು, ಏಕೆಂದರೆ ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಮನೆಯ ಹುರಿತದಿಂದ ಪೂರ್ತಿ ನಾಶವಾಗುವುದಿಲ್ಲ. 250 ಗ್ರಾಂ ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಸಿಪ್ಪೆ ತಾನಾಗಿ ಬಿಡುವವರೆಗೆ, ಕಾಳಿನ ಒಳಭಾಗ ತಿಳಿ ಹೊಂಬಣ್ಣಕ್ಕೆ ಬರುವಂತೆ ಹುರಿಯಿರಿ. ಚಟ್ನಿಪುಡಿಗೆ ಹುರಿದಷ್ಟು ಕಪ್ಪು ಕಲೆ ಇಲ್ಲಿ ಬೇಡ; ಚಾಕೊಲೇಟಿನ ಕಹಿಗೆ ಈ ಕಹಿಯೂ ಕೂಡಿದರೆ ಬಾಯಿ ಒಪ್ಪುವುದಿಲ್ಲ. ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ, ಸಿಪ್ಪೆ ಹಾರಿಸಿ.

ಸಣ್ಣ ಜಾರಿಗೆ ಹಾಕಿ ರುಬ್ಬತೊಡಗಿದಾಗ ಅದು ಮೊದಲು ಪುಡಿಯಾಗುತ್ತದೆ. ಆಮೇಲೆ ಬದಿಗೆ ಮೆತ್ತಿಕೊಂಡು ಉಂಡೆ ಕಟ್ಟುವ ಹಿಟ್ಟಾಗುತ್ತದೆ. ಬಹಳ ಜನ ಇಲ್ಲಿಯೇ ಕೈಬಿಟ್ಟು ಎಣ್ಣೆ ಸುರಿಯುತ್ತಾರೆ. ಬೇಡ. ಜಾರು ಬಿಸಿಯಾದರೆ ಐದು ನಿಮಿಷ ನಿಲ್ಲಿಸಿ, ಬದಿಯದ್ದನ್ನು ಚಮಚದಿಂದ ಕೆರೆದು ಕೆಳಗಿಳಿಸಿ ಮತ್ತೆ ತಿರುಗಿಸಿ. ಕಾಳಿನೊಳಗಿನ ಎಣ್ಣೆ ಹೊರಬಂದ ಗಳಿಗೆಯಲ್ಲಿ ಆ ಉಂಡೆ ಥಟ್ಟನೆ ಸಡಿಲಗೊಂಡು, ಮೇಲ್ಮೈ ಹೊಳೆದು, ಚಮಚದಿಂದ ಧಾರೆಯಾಗಿ ಇಳಿಯುತ್ತದೆ. ಆಗ ಚಿಟಿಕೆ ಉಪ್ಪು ಹಾಕಿ ಇನ್ನೊಂದು ಸುತ್ತು. ಮನೆಯದ್ದರಲ್ಲಿ ಕೆಲ ದಿನಕ್ಕೆ ಎಣ್ಣೆ ಮೇಲೆ ತೇಲುವುದು ಸಹಜ. ಅಂಗಡಿಯದ್ದರಲ್ಲಿ ಹಾಗಾಗದಿರುವುದಕ್ಕೆ ಕಾರಣ ಅದಕ್ಕೆ ಬೆರೆಸುವ, ಗಟ್ಟಿಗೊಳಿಸಿದ ಕೊಬ್ಬು. 1920ರ ದಶಕದಲ್ಲಿ ಅಮೆರಿಕದ ಜೋಸೆಫ್ ರೋಸ್‌ಫೀಲ್ಡ್ ಈ ವಿಧಾನವನ್ನು ಬಳಕೆಗೆ ತಂದರು. ಕೇಕಿಗೆ ಹಾಕುವ ಮುನ್ನ ತೇಲಿದ ಎಣ್ಣೆಯನ್ನು ಚೆಲ್ಲದೆ ತಳದವರೆಗೆ ಕಲಸಿ, ಆಮೇಲೆಯೇ ತೂಕ ಮಾಡಿ. ಅಂಗಡಿಯದ್ದರಲ್ಲಿ ಸಕ್ಕರೆ ಇರುವುದೂ ಉಂಟು, ನಿಮ್ಮದರಲ್ಲಿ ಇಲ್ಲ. ಹೂರಣದ ಸಕ್ಕರೆಯನ್ನು ಒಂದು ಚಮಚ ಹೆಚ್ಚಿಸಬಹುದು.

ಪ್ರಶ್ನೆ: ಕರಗಿಸಿದ ಚಾಕೊಲೇಟನ್ನು ಹೂರಣಕ್ಕೇ ಬೆರೆಸಿ ಎರಡು ಬಣ್ಣ ಮಾಡಲು ಹೋದೆ. ಚಾಕೊಲೇಟ್ ಮರಳು ಮರಳಾಗಿ ಒಡೆಯಿತು. ಕಾಂಪೌಂಡ್ ಚಾಕೊಲೇಟ್ ಬಳಸಿದ್ದು ಕಾರಣವೇ? (ಓದುಗ, ಪುತ್ತೂರು)

ಉತ್ತರ: ಅಲ್ಲ, ಕಾರಣ ತಣ್ಣಗಿನ ಚೀಸು. ಬಿಸಿ ಚಾಕೊಲೇಟ್ ತಣ್ಣಗಿನ ಮಿಶ್ರಣಕ್ಕೆ ಬಿದ್ದೊಡನೆ ಅಲ್ಲಲ್ಲೇ ಗಟ್ಟಿಯಾಗಿ ಚೂರುಗಳಾಗುತ್ತದೆ. ಮಿಶ್ರಣದ ಮೂರನೆಯ ಒಂದು ಭಾಗವನ್ನು ಬೇರೆ ತೆಗೆದು, 80 ಗ್ರಾಂ ಚಾಕೊಲೇಟನ್ನು ಉಗುರುಬೆಚ್ಚಗೆ ಕರಗಿಸಿ, ಮೊದಲು ಅದಕ್ಕೆ ಎರಡು ಚಮಚ ಮಿಶ್ರಣ ಹಾಕಿ ಕಲಸಿ, ಆಮೇಲೆ ಉಳಿದದ್ದನ್ನು ಸೇರಿಸಿ. ಎರಡನ್ನೂ ಟಿನ್ನಿಗೆ ಸೌಟು ಸೌಟಾಗಿ ಹಾಕಿ ಚಾಕುವಿನ ತುದಿಯಿಂದ ಎರಡೇ ಎರಡು ಸುತ್ತು ಎಳೆಯಿರಿ. ಹೆಚ್ಚು ಎಳೆದರೆ ಗೆರೆಗಳು ಮಾಸಿ ಎಲ್ಲವೂ ಒಂದೇ ಕಂದು ಬಣ್ಣವಾಗುತ್ತದೆ.

ಆದರೆ ಕಾಂಪೌಂಡ್ ಬಗ್ಗೆ ನಿಮ್ಮ ಅನುಮಾನ ಬೇರೆ ಕಾರಣಕ್ಕೆ ಸರಿ. ನಿಜವಾದ ಚಾಕೊಲೇಟಿನಲ್ಲಿರುವುದು ಕೋಕೋ ಬೆಣ್ಣೆ; ಅದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಾಲಗೆಯ ಮೇಲೆಯೇ, ಕರಗುತ್ತದೆ. ಕಾಂಪೌಂಡಿನಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ, ಫ್ರಿಜ್ಜಿನಿಂದ ತೆಗೆದ ಕೇಕಿನ ಮೇಲೆ ಅದು ಮೇಣದ ಹಾಳೆಯಾಗಿ ಕೂತು ಕತ್ತರಿಸುವಾಗ ಸಿಡಿಯುತ್ತದೆ. ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿಯನ್ನು ಓದಿದರೆ ಯಾವುದೆಂದು ತಿಳಿಯುತ್ತದೆ. ತೋಟದ ಅಡಿಕೆಯ ನಡುವೆ ಕೋಕೋ ಬೆಳೆಯುವ, 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯಿರುವ ಪುತ್ತೂರಿನವರಿಗೆ ನಾನು ಕೋಕೋ ಬೆಣ್ಣೆಯ ಪಾಠ ಹೇಳುವುದು ಅಧಿಕಪ್ರಸಂಗವಾದೀತು, ಕ್ಷಮೆಯಿರಲಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ 9 ಇಂಚಿನ ಟಿನ್ನೇ ಸಾಮಾನ್ಯ, ಅಳತೆ ಫ್ಯಾರನ್‌ಹೀಟ್. ಕನ್ನಡ ಕೂಟದ ಊಟಕ್ಕೆ ಒಯ್ಯಬೇಕೆಂದಿದ್ದೇನೆ. ಏನೇನು ಬದಲಿಸಬೇಕು? (ಓದುಗಿ, ಅಮೆರಿಕ)

ಉತ್ತರ: ನೀವು ಈ ತಿನಿಸಿನ ತವರಿನಲ್ಲೇ ಇದ್ದೀರಿ. ಕ್ರೀಮ್ ಚೀಸನ್ನು 1872ರ ಸುಮಾರಿಗೆ ನಿಮ್ಮ ನೆರೆಯ ನ್ಯೂಯಾರ್ಕ್ ರಾಜ್ಯದ ಚೆಸ್ಟರ್‌ನಲ್ಲಿ ವಿಲಿಯಂ ಲಾರೆನ್ಸ್ ಎಂಬ ಹೈನೋದ್ಯಮಿ ತಯಾರಿಸಿ ಮಾರತೊಡಗಿದರು. ಪಕ್ಕದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಎಚ್. ಬಿ. ರೀಸ್ 1928ರಲ್ಲಿ ಚಾಕೊಲೇಟ್ ಬಟ್ಟಲಿನೊಳಗೆ ಪೀನಟ್ ಬಟರ್ ತುಂಬಿದ ಮೇಲೆ ಇವೆರಡರ ಜೋಡಿ ಅಲ್ಲಿ ಮನೆಮಾತಾಯಿತು. 7 ಇಂಚಿನಿಂದ 9 ಇಂಚಿಗೆ ಹೋದಾಗ ಟಿನ್ನಿನ ವಿಸ್ತೀರ್ಣ ಸುಮಾರು 1.65 ಪಟ್ಟಾಗುತ್ತದೆ. ಆದ್ದರಿಂದ 8 ಔನ್ಸಿನ ಮೂರು ಕ್ರೀಮ್ ಚೀಸ್ ಗಟ್ಟಿಗಳು, 200 ಗ್ರಾಂ ಸಕ್ಕರೆ, 250 ಗ್ರಾಂ ಪೀನಟ್ ಬಟರ್, ಗಟ್ಟಿ ಮೊಸರಿನ ಬದಲು 165 ಗ್ರಾಂ ಸವರ್ ಕ್ರೀಮ್, 100 ಮಿಲಿಲೀಟರ್ ಕ್ರೀಮ್, ನಾಲ್ಕು ದೊಡ್ಡ ಮೊಟ್ಟೆ ಮತ್ತು ಒಂದು ಹಳದಿ ಭಾಗ ಹಾಕಿ. ಡಬ್ಬಿಯಲ್ಲಿ ಬರುವ, ಹಚ್ಚಿಕೊಳ್ಳಲು ಸಡಿಲಗೊಳಿಸಿದ ಕ್ರೀಮ್ ಚೀಸ್ ಬೇಡ, ಗಟ್ಟಿಯೇ ಬೇಕು. ಕಾವು 300 ಡಿಗ್ರಿ ಫ್ಯಾರನ್‌ಹೀಟ್. ಸಮಯ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು, ಆದರೆ ಗಡಿಯಾರಕ್ಕಿಂತ ನಡುಭಾಗದ ತುಳುಕನ್ನು ನಂಬಿ. ಅಲ್ಲಿನ ಹೆವಿ ಕ್ರೀಮಿನಲ್ಲಿ ಕೊಬ್ಬು ಶೇ 36ಕ್ಕಿಂತ ಕಡಿಮೆಯಿರುವುದಿಲ್ಲ, ನಮ್ಮ ಅಂಗಡಿಗಳ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ 25. ಹಾಗಾಗಿ ಮೇಲಿನ ಪದರಕ್ಕೆ ನೀವು ಚಾಕೊಲೇಟಿನ ತೂಕದಷ್ಟೇ ಕ್ರೀಮ್ ಹಾಕಬಹುದು.

ಕೂಟಕ್ಕೆ ಒಯ್ಯುವಾಗ ಒಂದು ವಿಷಯದಲ್ಲಿ ಸಂಕೋಚ ಬೇಡ. ಕಡಲೆಕಾಯಿ ಅಲರ್ಜಿ ಇರುವವರಿಗೆ ಒಂದು ಚೂರೂ ಪ್ರಾಣಕ್ಕೆ ಅಪಾಯ ತರಬಹುದು. ಹುರಿದರೂ ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಚಾಕೊಲೇಟ್ ಪದರದ ಕೆಳಗೆ ಪೀನಟ್ ಬಟರ್ ಇರುವುದು ನೋಡಿದವರಿಗೆ ತಿಳಿಯುವುದೂ ಇಲ್ಲ. ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ತಟ್ಟೆಯ ಮುಂದಿಡಿ, ಅದಕ್ಕೊಂದು ಪ್ರತ್ಯೇಕ ಚಾಕು ಇಡಿ, ಮಕ್ಕಳಿಗೆ ಕೊಡುವ ಮುನ್ನ ತಂದೆತಾಯಿಯನ್ನು ಕೇಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಳಗಾವಿಗೆ ತಂಗಿಯ ಮನೆಗೆ ಒಯ್ಯಬೇಕು. ದಾರಿಯಲ್ಲಿ ಕರಗದಂತೆ, ಅಲ್ಲಿ ಚೆನ್ನಾಗಿ ಕತ್ತರಿಸಲು ಬರುವಂತೆ ಏನು ಮಾಡಬೇಕು? ಎಷ್ಟು ದಿನ ಇಡಬಹುದು? (ಓದುಗಿ, ಹುಬ್ಬಳ್ಳಿ)

ಉತ್ತರ: ಚಾಕೊಲೇಟ್ ಪದರ ಹಾಕಿದ ಮೇಲೆ ಟಿನ್ನಿನ ಸಮೇತ ಮೂರು ಗಂಟೆ ಫ್ರೀಜರಿನಲ್ಲಿಟ್ಟು, ಅರೆಗಟ್ಟಿಯಾದದ್ದನ್ನು ಟಿನ್ನು ಬಿಚ್ಚದೆಯೇ ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಸುತ್ತ ಐಸ್ ಪ್ಯಾಕ್ ಇಟ್ಟು ಒಯ್ಯಿರಿ. ಎರಡು ಗಂಟೆಯ ದಾರಿಗೆ ಇದು ಸಾಕು. ತಲುಪಿದೊಡನೆ ಫ್ರಿಜ್ಜಿಗೆ ಸೇರಿಸಬೇಕು. ಕತ್ತರಿಸುವಾಗ ಉದ್ದನೆಯ ತೆಳು ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮೇಲಿನಿಂದ ನೇರವಾಗಿ ಒತ್ತಿ ಇಳಿಸಿ, ಮೇಲಕ್ಕೆ ಎತ್ತದೆ ಹೊರಕ್ಕೆ ಎಳೆಯಿರಿ. ಪ್ರತಿ ತುಂಡಿಗೂ ಇದೇ ಕ್ರಮ. 7 ಇಂಚಿನದ್ದರಲ್ಲಿ ಹತ್ತು ತುಂಡು ಮಾಡಿದರೆ ಸರಿ, ಎಂಟು ಮಾಡಿದರೆ ತಿಂದವರಿಗೆ ಊಟ ಸೇರುವುದಿಲ್ಲ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ನಾಲ್ಕು ದಿನ ಕೆಡುವುದಿಲ್ಲ; ಎರಡನೆಯ ದಿನ ಪೀನಟ್ ಬಟರಿನ ಪರಿಮಳ ಚೆನ್ನಾಗಿ ಹರಡಿರುತ್ತದೆ. ಇನ್ನೂ ಹೆಚ್ಚು ದಿನ ಇಡಬೇಕೆಂದಿದ್ದರೆ ಚಾಕೊಲೇಟ್ ಪದರ ಹಾಕದೆ, ತುಂಡುಗಳನ್ನು ಬಿಡಿಬಿಡಿಯಾಗಿ ಸುತ್ತಿ ಫ್ರೀಜರಿನಲ್ಲಿಡಿ, ಒಂದು ತಿಂಗಳೊಳಗೆ ಬಳಸಿ. ತಿನ್ನುವ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ ಅಲ್ಲಿಯೇ ನಿಧಾನವಾಗಿ ಕರಗಲು ಬಿಡಬೇಕೇ ಹೊರತು, ಹೊರಗೆ ಕಟ್ಟೆಯ ಮೇಲಿಟ್ಟು ಕರಗಿಸಬಾರದು. ಹಾಗೆ ಮಾಡಿದರೆ ಮೇಲ್ಮೈಯಲ್ಲಿ ಬೆವರು ನಿಂತು ಬಿಸ್ಕತ್ತಿನ ತಳದವರೆಗೂ ಇಳಿಯುತ್ತದೆ.